ನೆಲದಡಿಯಲ್ಲಿ ವಿದ್ಯುತ್ತು, ಬೀದಿಯಲ್ಲಿ ಹೊಗೆ

ಬೆಂಗಳೂರು ದಂಡಿನ ರೈಲು ನಿಲ್ದಾಣಕ್ಕೂ ಶಿವಾಜಿನಗರಕ್ಕೂ ಇರುವ ಅಂತರ ಒಂದು ಕಿಲೋಮೀಟರಿನ ಆಸುಪಾಸು. ನಡೆದು ಹೋಗುವವರಿಗೆ ಅದು ಕಾಲು ಗಂಟೆಯ ದಾರಿ. ಮೆಟ್ರೋ ರೈಲಿನ ಸುರಂಗವನ್ನು ಕೊರೆಯಲು ೨೦೨೦ರಲ್ಲಿ ದಂಡಿನ ಕಡೆಯಿಂದ ಹೊರಟ ‘ಊರ್ಜಾ’ ಎಂಬ ಯಂತ್ರಕ್ಕೆ ಇಷ್ಟು ದೂರವನ್ನು ಕ್ರಮಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ೨೦೨೧ರ ಸೆಪ್ಟೆಂಬರಿನಲ್ಲಿ ಅದು ಶಿವಾಜಿನಗರದ ನಿಲ್ದಾಣದ ಗೋಡೆಯನ್ನು ಭೇದಿಸಿ ಹೊರಬಂದಿತು. ಅದರ ಜೊತೆಯ ‘ವಿಂಧ್ಯಾ’ ಮರುತಿಂಗಳು ಬಂದು ಸೇರಿತು. ಈ ಯಂತ್ರಗಳು ಎಷ್ಟು ದೊಡ್ಡವು, ಎಷ್ಟು ಗಟ್ಟಿಯಾದ ಬಂಡೆಯನ್ನು ಅರೆದವು ಎಂಬ ವರ್ಣನೆಯನ್ನು ವಾಚಕರು ಆಗಲೇ ದಿನಪತ್ರಿಕೆಗಳಲ್ಲಿ ಓದಿದ್ದಾರೆ. ಅವು ಯಾವ ಶಕ್ತಿಯಿಂದ ನಡೆದವು ಎಂಬುದನ್ನು ಮಾತ್ರ ವಿಚಾರಿಸಿದವರು ಕಡಮೆ. ಸುರಂಗ ಕೊರೆಯುವ ಯಂತ್ರ ನಡೆಯುವುದು ವಿದ್ಯುತ್ತಿನಿಂದ. ದಪ್ಪನೆಯ ಕೇಬಲ್ಲೊಂದು ಅದರ ಹಿಂದೆ ಬಾಲದಂತೆ ಹರಿದುಕೊಂಡು ಹೋಗುತ್ತದೆ. ಹೊಗೆಯಿಲ್ಲ, ಎಣ್ಣೆಯ ಪೀಪಾಯಿಯಿಲ್ಲ. ಆ ಹೊತ್ತಿನಲ್ಲಿ ಅದರ ನೆತ್ತಿಯ ಮೇಲೆ, ಬೀದಿಯ ಮಟ್ಟದಲ್ಲಿ, ಮಣ್ಣೆತ್ತುವ ಯಂತ್ರಗಳೂ ಕ್ರೇನುಗಳೂ ಲಾರಿಗಳೂ ಡೀಸೆಲ್ ಕುಡಿದು ಕರಿಹೊಗೆಯನ್ನುಗುಳುತ್ತ ನಿಂತಿದ್ದವು.

ಈ ಭೇದಕ್ಕೆ ಕಾರಣ ಸರಳವಾಗಿದೆ. ಸುರಂಗದೊಳಗೆ ಹೊಗೆ ಬಿಟ್ಟರೆ ಕೆಲಸ ಮಾಡುವವರು ಉಸಿರು ಕಟ್ಟಿ ಸಾಯುತ್ತಾರೆ. ಆದುದರಿಂದ ಅಲ್ಲಿ ವಿದ್ಯುತ್ತು ಅನಿವಾರ್ಯ. ಬೀದಿಯಲ್ಲಿ ಹೊಗೆ ಬಿಟ್ಟರೆ ಯಾರೂ ಕೂಡಲೆ ಸಾಯುವುದಿಲ್ಲ. ಆದುದರಿಂದ ಅಲ್ಲಿ ಡೀಸೆಲ್ ನಡೆಯುತ್ತದೆ. ಆದರೆ ಶಿವಾಜಿನಗರದ ಓಣಿಗಳನ್ನು ಬಲ್ಲವರನ್ನು ಕೇಳೋಣ. ಎರಡು ಪಕ್ಕದಲ್ಲಿಯೂ ಮೂರು ನಾಲ್ಕು ಅಂತಸ್ತಿನ ಗೋಡೆ, ನಡುವೆ ಹತ್ತು ಹನ್ನೆರಡು ಅಡಿಯ ದಾರಿ, ಮೇಲೊಂದು ಪಟ್ಟಿ ಆಕಾಶ. ಅದನ್ನು ಮುಚ್ಚಳ ತೆಗೆದ ಸುರಂಗವೆಂದು ಕರೆದರೆ ತಪ್ಪೇನು? ಅಂಥ ಓಣಿಯಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಹೊಸದನ್ನು ಕಟ್ಟುವಾಗ ಆರು ತಿಂಗಳೋ ಒಂದು ವರ್ಷವೋ ನೆರೆಯವರು ಉಸಿರಾಡುವುದೇನು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಟ್ಟಡದ ಕೆಲಸದಲ್ಲಿ ‘ಹೈಬ್ರಿಡ್’ ಯಂತ್ರಗಳನ್ನು ಬಳಕೆಗೆ ತರಬೇಕೆಂಬ ಮಾತು ಈಚೆಗೆ ಯಂತ್ರಶಿಲ್ಪಿಗಳ ವಲಯದಲ್ಲಿ ಕೇಳಿಬರುತ್ತಿದೆ. ಈ ಮಾತು ತಕ್ಕುದೆಂದು ನಾವು ಒಪ್ಪುತ್ತೇವೆ. ಆದರೆ ಅದರ ಪರವಾಗಿ ಸಾಮಾನ್ಯವಾಗಿ ಕೊಡುವ ಕಾರಣ ಬೇರೆ, ನಮ್ಮ ಊರಿಗೆ ಹೊಂದುವ ಕಾರಣ ಬೇರೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಸ್ವಲ್ಪ ವಿಸ್ತಾರವಾಗಿ ನಿರೂಪಿಸಬೇಕಾಗಿದೆ.

ಮೊದಲು ಶಬ್ದದ ವಿಚಾರ. ನಮ್ಮ ರೈತನಿಗೆ ‘ಹೈಬ್ರಿಡ್’ ಎಂದರೆ ಜೋಳ, ಎರಡು ತಳಿಗಳ ಗುಣ ಒಂದೇ ತೆನೆಯಲ್ಲಿ ಕೂಡಿದ ಸಂಕರದ ಬೆಳೆ. ಯಂತ್ರದ ವಿಷಯದಲ್ಲಿಯೂ ಅರ್ಥ ಅದಕ್ಕೆ ದೂರವಾದುದಲ್ಲ. ಎಣ್ಣೆಯನ್ನು ಸುಡುವ ಎಂಜಿನು ಒಂದು. ಶಕ್ತಿಯನ್ನು ಕೂಡಿಟ್ಟುಕೊಂಡು ಬೇಕಾದಾಗ ಕೊಡುವ ಸಂಗ್ರಾಹಕ ಇನ್ನೊಂದು. ಈ ಸಂಗ್ರಾಹಕ ಬ್ಯಾಟರಿಯಾಗಿರಬಹುದು, ಕೆಪಾಸಿಟರು ಆಗಿರಬಹುದು, ಒತ್ತಿ ತುಂಬಿದ ಅನಿಲವುಳ್ಳ ಉಕ್ಕಿನ ಕುಂಭವೂ ಆಗಿರಬಹುದು. ಎರಡನ್ನೂ ಕೂಡಿಸಿದ ಯಂತ್ರಕ್ಕೆ ನಾವು ಮಿಶ್ರಶಕ್ತಿಯ ಯಂತ್ರವೆಂದು ಹೆಸರಿಡುತ್ತೇವೆ.

ಸಂಗ್ರಾಹಕವೇ ಇಲ್ಲಿ ಮುಖ್ಯವೆಂಬುದಕ್ಕೆ ಕೃಷ್ಣರಾಜಪುರವೇ ಉತ್ತಮ ಪಾಠಶಾಲೆ. ಅಲ್ಲಿನ ಡೀಸೆಲ್ ಎಂಜಿನುಗಳ ಶೆಡ್ಡನ್ನು ರೈಲಿನ ಕಿಟಕಿಯಿಂದ ನೋಡದವರು ವಿರಳ. ಆ ಎಂಜಿನುಗಳಲ್ಲಿ ಡೀಸೆಲ್ ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಗಾಲಿಗಳ ಬಳಿಯಿರುವ ಮೋಟಾರುಗಳನ್ನು ತಿರುಗಿಸುತ್ತದೆ. ಎಣ್ಣೆಯೂ ವಿದ್ಯುತ್ತೂ ಎರಡೂ ಇದ್ದುವಲ್ಲ, ಇದೇ ಹೈಬ್ರಿಡ್ ಅಲ್ಲವೇ ಎಂದು ಕೇಳಬಹುದು. ಅಲ್ಲ. ಇಳಿಜಾರಿನಲ್ಲಿ ಭಾರಿ ಗೂಡ್ಸ್ ರೈಲನ್ನು ತಡೆಯುವಾಗ ಆ ಮೋಟಾರುಗಳೇ ವಿದ್ಯುಜ್ಜನಕಗಳಾಗಿ ತಿರುಗಿ, ರೈಲಿನ ವೇಗವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಆ ವಿದ್ಯುತ್ತು ಹೋಗುವುದೆಲ್ಲಿಗೆ? ಒಲೆಯ ಸುರುಳಿಯಂಥ ತಂತಿಗಳನ್ನು ಕಾಯಿಸಿ ಗಾಳಿಗೆ ಸೇರುತ್ತದೆ. ಇಡಲು ಜಾಗವಿಲ್ಲದೆ ಗಳಿಸಿದ್ದನ್ನು ಬೀದಿಗೆ ಚೆಲ್ಲಿದಂತೆ. ಇದಕ್ಕೆ ಪ್ರತಿಯಾಗಿ, ೨೦೧೧ರ ಅಕ್ಟೋಬರಿನಿಂದ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೇಲೆ ಓಡುತ್ತಿರುವ ಮೆಟ್ರೋ ರೈಲು ಬ್ರೇಕು ಹಾಕಿದಾಗ ಹುಟ್ಟುವ ವಿದ್ಯುತ್ತನ್ನು ೭೫೦ ವೋಲ್ಟಿನ ಮೂರನೆಯ ಹಳಿಗೆ ಹಿಂದಿರುಗಿಸುತ್ತದೆ. ಪಕ್ಕದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ನಿಲ್ಲುವ ರೈಲೂ ಶಕ್ತಿಯನ್ನು ಉಳಿಸುವಷ್ಟು ಜಾಣ್ಮೆಯಿಂದ ಮಾಡಿದ ಈ ವ್ಯವಸ್ಥೆಯನ್ನು ಕಟ್ಟಿದ ಯಂತ್ರಗಳಿಗೆ ಆ ಜಾಣ್ಮೆಯ ಲವಲೇಶವೂ ಇರಲಿಲ್ಲವೆಂಬುದು ವಿಚಿತ್ರ.

ಹಾಗೆಂದು ಅಂಥ ಯಂತ್ರಗಳು ಲೋಕದಲ್ಲಿಯೇ ಇಲ್ಲವೆಂದಲ್ಲ. ೨೦೦೮ರಲ್ಲಿ ಜಪಾನಿನ ಕೊಮಾಟ್ಸು ಕಂಪೆನಿ ಇಪ್ಪತ್ತು ಟನ್ ತೂಕದ ವರ್ಗದ ಹೈಬ್ರಿಡ್ ಅಗೆಯುವ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ನಮ್ಮ ಜನ ಚಕ್ರದ ಮೇಲಿನ ಯಂತ್ರಕ್ಕೆ ‘ಜೆಸಿಬಿ’ ಎಂದೂ ಉಕ್ಕಿನ ಪಟ್ಟಿಯ ಮೇಲೆ ಹರಿಯುವುದಕ್ಕೆ, ಅದನ್ನು ಯಾರೇ ತಯಾರಿಸಿರಲಿ, ‘ಹಿಟಾಚಿ’ ಎಂದೂ ಹೆಸರಿಟ್ಟು ಕಂಪೆನಿಗಳ ಜಗಳವನ್ನು ತೀರಿಸಿಬಿಟ್ಟಿದ್ದಾರೆ. ನಾವೀಗ ಹೇಳುತ್ತಿರುವುದು ಈ ಎರಡನೆಯ ಬಗೆಯದು. ಈ ಯಂತ್ರದ ಕೆಲಸವನ್ನು ನೆನಪಿಗೆ ತಂದುಕೊಳ್ಳೋಣ. ಬಕೆಟ್ಟಿನಲ್ಲಿ ಮಣ್ಣನ್ನು ತುಂಬಿಕೊಂಡು, ಚಾಲಕನ ಕೋಣೆ, ಎಂಜಿನು, ತೋಳು ಎಲ್ಲವೂ ಒಟ್ಟಾಗಿ ಲಾರಿಯ ಕಡೆಗೆ ಗಿರ್ರನೆ ತಿರುಗುತ್ತವೆ. ಅಲ್ಲಿ ನಿಂತು ಮಣ್ಣನ್ನು ಸುರಿದು ಮತ್ತೆ ಹಿಂದಕ್ಕೆ ತಿರುಗುತ್ತವೆ. ನಿಮಿಷಕ್ಕೆ ಮೂರು ಸುತ್ತು, ದಿನವೆಲ್ಲ. ಹತ್ತು ಹನ್ನೆರಡು ಟನ್ ತೂಗುವ ಮೇಲ್ಭಾಗ ತಿರುಗುತ್ತಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ, ನಮ್ಮ ಸ್ಥೂಲ ಲೆಕ್ಕದಂತೆ, ಅರವತ್ತು ಸಾವಿರ ಜೂಲುಗಳಷ್ಟು. ಒಂದು ಟನ್ ಭಾರವನ್ನು ಎರಡಂತಸ್ತಿನ ಮನೆಯ ಎತ್ತರಕ್ಕೆ ಎತ್ತಲು ಅಷ್ಟು ಸಾಕು. ಸಾಧಾರಣ ಯಂತ್ರದಲ್ಲಿ ಪ್ರತಿ ಸಲ ನಿಲ್ಲಿಸುವಾಗಲೂ ಇದೆಲ್ಲ ಹೈಡ್ರಾಲಿಕ್ ಎಣ್ಣೆಯನ್ನು ಬಿಸಿ ಮಾಡಿ ನಾಶವಾಗುತ್ತದೆ. ಜಪಾನಿನ ಯಂತ್ರದಲ್ಲಿ ತಿರುಗಿಸುವುದಕ್ಕೆ ವಿದ್ಯುತ್ ಮೋಟಾರನ್ನು ಇಟ್ಟರು. ನಿಲ್ಲಿಸುವಾಗ ಅದೇ ಮೋಟಾರು ವಿದ್ಯುತ್ತನ್ನು ಹುಟ್ಟಿಸಿ ಕೆಪಾಸಿಟರಿಗೆ ತುಂಬುತ್ತದೆ. ಮರು ತಿರುವಿಗೆ ಅದೇ ವಿದ್ಯುತ್ತು ಒದಗುತ್ತದೆ. ಕೆಲವೇ ಸೆಕೆಂಡುಗಳ ಒಳಗೆ ತುಂಬಿ ಬರಿದಾಗಬೇಕಾದ ಕಾರಣ ಇಲ್ಲಿ ಬ್ಯಾಟರಿಗಿಂತ ಕೆಪಾಸಿಟರೇ ಮೇಲು. ಸರಾಸರಿ ಶೇಕಡ ೨೫ರಷ್ಟು ಇಂಧನ ಉಳಿಯುವುದೆಂದು ತಯಾರಕರು ಸಾರಿದರು. ಅಮೆರಿಕದ ಕ್ಯಾಟರ್‌ಪಿಲರ್ ಕಂಪೆನಿ ಕೆಲವು ವರ್ಷಗಳ ತರುವಾಯ ವಿದ್ಯುತ್ತಿನ ಗೊಡವೆಯೇ ಇಲ್ಲದೆ, ಒತ್ತಿದ ಅನಿಲದ ಕುಂಭದಲ್ಲಿ ಶಕ್ತಿಯನ್ನು ಕೂಡಿಡುವ ಯಂತ್ರವನ್ನು ತಂದಿತು.

ಈ ವರ್ಣನೆಯನ್ನು ಓದಿದವರಿಗೆ, ಹಾಗಾದರೆ ಬೆಂಗಳೂರಿಗೆ ಇಂಥವನ್ನೇ ತರಿಸಿದರೆ ಮುಗಿಯಿತಲ್ಲ ಎನಿಸುವುದು ಸಹಜ. ಇಲ್ಲಿ ಸ್ವಲ್ಪ ತಡೆಯಬೇಕು. ಮೆತ್ತನೆಯ ಮಣ್ಣನ್ನು ಎತ್ತಿ ಲಾರಿಗೆ ತುಂಬುವ ಊರಿಗೆ ಈ ಯಂತ್ರ ಲಾಯಕ್ಕು. ನಮ್ಮ ಊರು ನಿಂತಿರುವುದು ಬಂಡೆಯ ಮೇಲೆ. ಇಂದಿರಾನಗರದಲ್ಲಿಯೋ ಹಲಸೂರಿನಲ್ಲಿಯೋ ನೆಲಮಾಳಿಗೆಗೆಂದು ಅಗೆಯಲು ಹೊರಟರೆ, ಕೆಂಪು ಮಣ್ಣಿನ ಹೊದಿಕೆ ಮುಗಿದ ಕೂಡಲೆ ಕೋಟ್ಯಂತರ ವರ್ಷಗಳ ಹಳೆಯ ನೈಸ್ ಶಿಲೆ ಎದುರಾಗುತ್ತದೆ. ಆಗ ಬಕೆಟ್ಟನ್ನು ಬಿಚ್ಚಿಟ್ಟು, ತೋಳಿನ ತುದಿಗೆ ಬಂಡೆ ಒಡೆಯುವ ಬ್ರೇಕರನ್ನು ಕಟ್ಟುತ್ತಾರೆ. ಬ್ರೇಕರು ಒಂದೇ ಕಡೆ ನಿಂತು ಗಂಟೆಗಟ್ಟಲೆ ಕುಟ್ಟುತ್ತದೆ, ತಿರುಗುವುದೇ ಇಲ್ಲ. ತಿರುಗದ ಯಂತ್ರದಲ್ಲಿ ತಿರುವಿನ ಶಕ್ತಿಯನ್ನು ಉಳಿಸುವುದೆಂತು? ಸತತವಾಗಿ ಒಂದೇ ಹೊರೆಯನ್ನು ಹೊತ್ತ ಎಂಜಿನಿಗೆ ಸಂಗ್ರಾಹಕವನ್ನು ಜೋಡಿಸಿದರೆ ಬೆಲೆಯೂ ತೂಕವೂ ಏರೀತೇ ಹೊರತು ಬೇರೆ ಫಲವಿಲ್ಲ. ಶಕ್ತಿಯ ಬೇಡಿಕೆ ಏರಿ ಇಳಿಯುವ ಕಡೆ ಮಾತ್ರ ಮಿಶ್ರಶಕ್ತಿಗೆ ಅರ್ಥವುಂಟು. ಹೈಬ್ರಿಡ್ ಎಂಬ ಚೀಟಿಯನ್ನು ಅಂಟಿಸಿದ್ದೆಲ್ಲ ಉಳಿತಾಯವನ್ನು ತರುವುದೆಂದು ನಂಬುವವರು ಈ ಒಂದು ಮಾತನ್ನು ನೆನಪಿನಲ್ಲಿಡಬೇಕು.

ಕ್ರೇನಿನ ವಿಷಯದಲ್ಲಿಯೂ ಇಂಥದೇ ಒಂದು ಭ್ರಮೆಯಿದೆ. ಎತ್ತಿದ ಭಾರ ಕೆಳಗಿಳಿಯುವಾಗ ವಿದ್ಯುತ್ತನ್ನು ಹಿಂದಕ್ಕೆ ಪಡೆಯಬಹುದೆಂದು ಹೇಳುವುದುಂಟು. ಪಡೆಯಬಹುದು, ನಿಜ, ಎಷ್ಟನ್ನು? ಒಂದು ಟನ್ ಭಾರವನ್ನು ಮೂವತ್ತು ಮೀಟರು ಎತ್ತರದಿಂದ ಇಳಿಸಿದರೆ ದೊರೆಯುವುದು ಮೂರು ಲಕ್ಷ ಜೂಲು. ಅಂದರೆ ಒಂದು ಯೂನಿಟ್ಟಿನ ಹನ್ನೆರಡನೆಯ ಒಂದು ಪಾಲು. ಅಷ್ಟೇ ಅಲ್ಲ, ಕಟ್ಟಡವೆಂಬುದು ಮೇಲೆ ಹೋದದ್ದು ಮರಳಿ ಇಳಿಯದ ವ್ಯವಹಾರ. ಕಬ್ಬಿಣ, ಇಟ್ಟಿಗೆ, ಗಾರೆ ಎಲ್ಲವೂ ಮೇಲೆಯೇ ಉಳಿಯುತ್ತವೆ. ಕೆಳಗೆ ಬರುವುದು ಬರಿಯ ಕೊಕ್ಕೆ.

ಹಾಗಾದರೆ ಲಾಭವಿರುವುದೆಲ್ಲಿ? ಯಾರೂ ತಿರುಗಿ ನೋಡದ ಒಂದು ಮೂಲೆಯಲ್ಲಿ, ತಗಡಿನ ಪೆಟ್ಟಿಗೆಯೊಳಗೆ ಗುಡುಗುತ್ತಿರುವ ಜನರೇಟರಿನಲ್ಲಿ ಎಂಬುದು ನಮ್ಮ ಉತ್ತರ. ಇದನ್ನು ಸಾವಕಾಶವಾಗಿ ವಿವರಿಸುತ್ತೇವೆ, ಏಕೆಂದರೆ ಇಡೀ ವಾದ ನಿಂತಿರುವುದು ಇದರ ಮೇಲೆ.

ಆರೇಳು ಅಂತಸ್ತಿನ ಕಟ್ಟಡವೊಂದು ಏಳುತ್ತಿದೆಯೆಂದು ಭಾವಿಸೋಣ. ಹಗಲಿನಲ್ಲಿ ಸಾಮಾನು ಎತ್ತುವ ಯಂತ್ರ, ಕಬ್ಬಿಣ ಕತ್ತರಿಸುವ ಯಂತ್ರ, ವೆಲ್ಡಿಂಗು, ಕಾಂಕ್ರೀಟನ್ನು ಅದುರಿಸುವ ವೈಬ್ರೇಟರು, ನೀರಿನ ಪಂಪು ಇವೆಲ್ಲಕ್ಕೂ ಸೇರಿ ಸರಾಸರಿ ೩೦ ಕಿಲೋವಾಟ್ ಬೇಕಾದೀತು. ಆದರೆ ಎತ್ತುವ ಯಂತ್ರದ ಮೋಟಾರು ಹೊರಡುವ ಕ್ಷಣದಲ್ಲಿ, ನಿಂತದ್ದನ್ನು ಎಬ್ಬಿಸಬೇಕಾದ ಕಾರಣ, ನೇರವಾಗಿ ಸ್ವಿಚ್ಚು ಹಾಕಿದ ಮೋಟಾರು ತನ್ನ ಸಹಜ ಪ್ರವಾಹದ ಐದಾರು ಪಟ್ಟನ್ನು ಎಳೆಯುತ್ತದೆ. ಕೆಲವೇ ಸೆಕೆಂಡುಗಳ ಮಾತು; ಆದರೂ ಆ ಕೆಲವು ಸೆಕೆಂಡುಗಳಲ್ಲಿ ಜನರೇಟರು ಸೋತರೆ ದೀಪಗಳು ಮಂಕಾಗಿ, ಯಂತ್ರಗಳು ನಿಂತು, ಮೇಸ್ತ್ರಿಯ ಬೈಗುಳ ಪ್ರಾರಂಭವಾಗುತ್ತದೆ. ಆದುದರಿಂದ ಗುತ್ತಿಗೆದಾರ ೧೨೫ ಕೆವಿಎ, ಅಂದರೆ ಸುಮಾರು ೧೦೦ ಕಿಲೋವಾಟ್ ಸಾಮರ್ಥ್ಯದ ಜನರೇಟರನ್ನು ತಂದು ನಿಲ್ಲಿಸುತ್ತಾನೆ. ವರ್ಷಕ್ಕೊಮ್ಮೆ ಬರುವ ಮದುವೆಯ ನೆಂಟರಿಗಾಗಿ ಛತ್ರದಲ್ಲಿಯೇ ಸಂಸಾರ ಹೂಡಿದಂತಾಯಿತು.

ರಾತ್ರಿಯಾಯಿತು. ಕೆಲಸ ನಿಂತಿತು. ಉಳಿದುದು ಕಾವಲಿನ ದೀಪಗಳು, ಕೆಲಸಗಾರರ ಶೆಡ್ಡುಗಳ ದೀಪ ಮತ್ತು ಫ್ಯಾನು, ತಳಪಾಯದಲ್ಲಿ ಜಿನುಗುವ ನೀರನ್ನು ಹೊರಹಾಕುವ ಪಂಪು. ಒಟ್ಟು ಐದು ಕಿಲೋವಾಟ್. ವಿದ್ಯುತ್ ಸಂಪರ್ಕವಿಲ್ಲದ ಸ್ಥಳದಲ್ಲಿ ಈ ಐದು ಕಿಲೋವಾಟಿಗಾಗಿ ನೂರು ಕಿಲೋವಾಟಿನ ಎಂಜಿನು ರಾತ್ರಿಯಿಡೀ ತಿರುಗಬೇಕು. ಎಂಜಿನಿನ ಸ್ವಭಾವ ಹೇಗೆಂದರೆ, ಹೊರೆ ಇರಲಿ ಬಿಡಲಿ, ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೆ ಅದು ಒಂದಿಷ್ಟು ಎಣ್ಣೆಯನ್ನು ಸುಡಲೇಬೇಕು. ಈ ಗಾತ್ರದ ಎಂಜಿನು ಇಷ್ಟು ಹಗುರವಾದ ಹೊರೆಯಲ್ಲಿ ಗಂಟೆಗೆ ನಾಲ್ಕು ಲೀಟರಿನ ಸುಮಾರು ಡೀಸೆಲನ್ನು ನುಂಗುತ್ತದೆ. ಹನ್ನೆರಡು ಗಂಟೆಗೆ ೪೮ ಲೀಟರು. ದೊರೆತ ವಿದ್ಯುತ್ತು ೬೦ ಯೂನಿಟ್ಟು. ಅದೇ ಎಂಜಿನು ಮುಕ್ಕಾಲು ಹೊರೆಯಲ್ಲಿ ನಡೆದಾಗ ಲೀಟರಿಗೆ ಮೂರಕ್ಕಿಂತ ಹೆಚ್ಚು ಯೂನಿಟ್ಟುಗಳನ್ನು ಕೊಡಬಲ್ಲದು. ಈ ದರದಲ್ಲಿ ೬೦ ಯೂನಿಟ್ಟಿಗೆ ೧೮ ಲೀಟರು ಸಾಕು. ಹಗಲಿನಲ್ಲಿ ಸಣ್ಣದೊಂದು ಜನರೇಟರನ್ನು ಅದಕ್ಕೆ ಹಿತವಾದ ಹೊರೆಯಲ್ಲಿ ನಡೆಸಿ, ಮಿಕ್ಕ ವಿದ್ಯುತ್ತನ್ನು ಬ್ಯಾಟರಿಗೆ ತುಂಬಿ, ರಾತ್ರಿ ಎಂಜಿನನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟರೆ, ಬ್ಯಾಟರಿಯಲ್ಲಿ ಆಗುವ ನಷ್ಟವನ್ನು ಸೇರಿಸಿದರೂ ೨೨ ಲೀಟರಿಗಿಂತ ಹೆಚ್ಚಾಗದು. ಒಂದು ರಾತ್ರಿಗೆ ೨೬ ಲೀಟರಿನ ಉಳಿತಾಯ. ಲೀಟರಿಗೆ ತೊಂಬತ್ತು ರೂಪಾಯಿ ಎಂದು ಹಿಡಿದರೆ ಮುನ್ನೂರು ರಾತ್ರಿಗಳಿಗೆ ಏಳು ಲಕ್ಷ ರೂಪಾಯಿ. ಗಾಳಿಗೆ ಸೇರದೆ ಉಳಿದ ಇಂಗಾಲದ ಡೈಆಕ್ಸೈಡು ಇಪ್ಪತ್ತು ಟನ್ನಿಗೂ ಹೆಚ್ಚು. ಇದು ಕಾಗದದ ಮೇಲಿನ ಅಂದಾಜು. ಸ್ಥಳದಿಂದ ಸ್ಥಳಕ್ಕೆ ಅಂಕಿಗಳು ಬದಲಾಗುತ್ತವೆ. ಆದರೆ ದಿಕ್ಕು ಬದಲಾಗುವುದಿಲ್ಲ.

ಗಮನಿಸತಕ್ಕ ಅಂಶವೆಂದರೆ, ಈ ಉಳಿತಾಯದಲ್ಲಿ ಚಲನಶಕ್ತಿಯನ್ನು ಹಿಡಿದಿಟ್ಟ ಚಮತ್ಕಾರವೇನೂ ಇಲ್ಲ. ಎಂಜಿನನ್ನು ಚಿಕ್ಕದು ಮಾಡಿದುದು, ಅದಕ್ಕೆ ಒಗ್ಗುವ ಹೊರೆಯಲ್ಲಿ ನಡೆಸಿದುದು, ಬೇಡವಾದಾಗ ನಿಲ್ಲಿಸಿದುದು ಇವು ಮೂರೇ. ಮೋಟಾರು ಹೊರಡುವ ಕ್ಷಣದ ಹಸಿವನ್ನು ಬ್ಯಾಟರಿ ತೀರಿಸುವುದರಿಂದ ಎಂಜಿನಿಗೆ ನಿತ್ಯದ ಊಟವನ್ನು ಬಡಿಸಿದರೆ ಸಾಕಾಗುತ್ತದೆ. ಹಗುರವಾದ ಹೊರೆಯಲ್ಲಿ ಬಹುಕಾಲ ನಡೆದ ಡೀಸೆಲ್ ಎಂಜಿನು ಬೇರೆ ರೋಗಗಳಿಗೂ ಗುರಿಯಾಗುತ್ತದೆ. ಸಿಲಿಂಡರು ಸಾಕಷ್ಟು ಕಾಯದೆ ಎಣ್ಣೆ ಅರೆಬರೆಯಾಗಿ ಸುಟ್ಟು, ಹೊಗೆಕೊಳವೆಯಲ್ಲಿ ಮಸಿಯೂ ಜಿಡ್ಡೂ ಕಟ್ಟುತ್ತವೆ. ೨೦೨೩ರ ಜುಲೈನಿಂದ ಹೊಸ ಜನರೇಟರುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಿಗಿಯಾದ ಮಿತಿಗಳು ಅನ್ವಯವಾಗಿವೆ. ಕಟ್ಟಡದ ವಾಹನಗಳಿಗೂ ೨೦೨೫ರಿಂದ ಐದನೆಯ ಹಂತದ ಮಿತಿಗಳು ಬಂದಿವೆ. ಮಸಿಯನ್ನು ಹಿಡಿಯಲು ಈ ಹೊಸ ಎಂಜಿನುಗಳಲ್ಲಿ ಜೋಡಿಸುವ ಶೋಧಕಗಳು ತಮ್ಮನ್ನು ತಾವು ಸುಟ್ಟು ಶುದ್ಧಿ ಮಾಡಿಕೊಳ್ಳಬೇಕಾದರೆ ಹೊಗೆ ಚೆನ್ನಾಗಿ ಕಾದಿರಬೇಕು. ಸುಮ್ಮನೆ ತಿರುಗುವ ಎಂಜಿನಿನ ಹೊಗೆ ಕಾಯುವುದಿಲ್ಲ. ಅಂತೂ ಎಂಜಿನನ್ನು ವೃಥಾ ತಿರುಗಿಸುವ ಹಳೆಯ ಚಾಳಿ ಹೊಸ ಯಂತ್ರಗಳಿಗೆ ಮೊದಲಿಗಿಂತ ಹೆಚ್ಚು ಹಾನಿಕರ. ಮಿತಿಗಳಾದರೂ ಹೊಸ ಯಂತ್ರಗಳಿಗೆ ಮಾತ್ರ. ಹತ್ತು ಹದಿನೈದು ವರ್ಷಗಳ ಹಳೆಯ ಯಂತ್ರಗಳು ನಮ್ಮ ಬೀದಿಗಳಲ್ಲಿ ಇನ್ನೂ ಬಹುಕಾಲ ದುಡಿಯಲಿವೆ.

ಕಟ್ಟಡದ ಸ್ಥಳಕ್ಕೆ ಬೆಸ್ಕಾಂ ತಾತ್ಕಾಲಿಕ ಸಂಪರ್ಕವನ್ನು ಕೊಡುವಾಗ ಡೀಸೆಲಿನ ಪ್ರಶ್ನೆಯೇ ಏಕೆ ಬರಬೇಕು ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದೊಡ್ಡ ಹೊರೆಗೆ ಮಂಜೂರಾತಿಯನ್ನು ಪಡೆಯಬೇಕಾದರೆ ಹಲವು ವೇಳೆ ಟ್ರಾನ್ಸ್‌ಫಾರ್ಮರನ್ನೇ ಕೂರಿಸಬೇಕಾಗುತ್ತದೆ. ಒಂದೂವರೆ ವರ್ಷದ ಕೆಲಸಕ್ಕೆ ಅದರ ಖರ್ಚನ್ನೂ ಓಡಾಟವನ್ನೂ ಹೊರಲು ಗುತ್ತಿಗೆದಾರ ಹಿಂಜರಿಯುತ್ತಾನೆ. ಇಲ್ಲಿಯೂ ಬ್ಯಾಟರಿ ಮಧ್ಯಸ್ಥನಾಗಬಲ್ಲದು. ಸಣ್ಣ ಸಂಪರ್ಕವೊಂದನ್ನು ಪಡೆದು, ಅದರಿಂದ ದಿನವೆಲ್ಲ ನಿಧಾನವಾಗಿ ಬ್ಯಾಟರಿಯನ್ನು ತುಂಬುತ್ತ, ಮೋಟಾರಿನ ಕ್ಷಣಿಕ ಬೇಡಿಕೆಯನ್ನು ಬ್ಯಾಟರಿಯಿಂದ ಪೂರೈಸಿದರೆ, ಜನರೇಟರು ವಿದ್ಯುತ್ತು ಹೋದಾಗ ಮಾತ್ರ ಎಚ್ಚರಗೊಳ್ಳುವ ಕಾವಲುಗಾರನಾಗುತ್ತದೆ. ಹಳೆಯ ಮನೆಯನ್ನು ಕೆಡವಿ ನಾಲ್ಕಂತಸ್ತು ಕಟ್ಟುತ್ತಿರುವ ಇಂದಿರಾನಗರದಂಥ ಬಡಾವಣೆಗೆ, ಬಾಗಿಲಲ್ಲೇ ವಿದ್ಯುತ್ ತಂತಿಯಿರುವ ಕಡೆಗೆ, ಇದೇ ಸರಿಯಾದ ಮಾರ್ಗವೆಂದು ನಮಗೆ ತೋರುತ್ತದೆ. ಕನ್ನಡ ನಾಡಿಗೆ ಇದು ಅಪರಿಚಿತವಾದ ಸಾಹಸವೂ ಅಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊತ್ತಮೊದಲು ಹರಿದುಹೋದುದು ಯಾರ ಮನೆಯ ದೀಪಕ್ಕೂ ಅಲ್ಲ, ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹತ್ತಿದುದು ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ. ನೆಲವನ್ನು ಅಗೆಯುವುದಕ್ಕೆ ವಿದ್ಯುತ್ತನ್ನು ಬಳಸುವುದು ನಮ್ಮಲ್ಲಿ ದೀಪ ಹಚ್ಚುವುದಕ್ಕಿಂತ ಹಳೆಯದು.

ಕೃಷ್ಣರಾಜಪುರದ ಕಡೆಗೆ ಹೋಗುವವರು ದಿನವೂ ಕಾಣುವ ಇನ್ನೊಂದು ದೃಶ್ಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಟಿನ್ ಫ್ಯಾಕ್ಟರಿಯಿಂದ ತೂಗುಸೇತುವೆಯವರೆಗಿನ ನಿಬಿಡತೆಯಲ್ಲಿ ಕಾಂಕ್ರೀಟನ್ನು ಹೊತ್ತ ಲಾರಿಗಳು ಸಾಲಾಗಿ ಸಿಕ್ಕಿಕೊಂಡು ನಿಲ್ಲುತ್ತವೆ. ಕಾರಿನವನು ಎಂಜಿನನ್ನು ನಿಲ್ಲಿಸಬಹುದು. ಈ ಲಾರಿಯವನು ನಿಲ್ಲಿಸುವಂತಿಲ್ಲ. ಬೆನ್ನ ಮೇಲಿನ ಡ್ರಮ್ಮು ತಿರುಗದಿದ್ದರೆ ಕಾಂಕ್ರೀಟು ಗಟ್ಟಿಯಾಗಿ ಕಲ್ಲಾಗುತ್ತದೆ. ಡ್ರಮ್ಮನ್ನು ತಿರುಗಿಸುವುದು ಲಾರಿಯ ಎಂಜಿನು. ಡ್ರಮ್ಮಿಗೆ ಮಾತ್ರ ಬ್ಯಾಟರಿಯನ್ನೂ ಮೋಟಾರನ್ನೂ ಜೋಡಿಸಿದ ಲಾರಿಗಳನ್ನು ಯೂರೋಪಿನಲ್ಲಿ ತಯಾರಿಸಿದ್ದಾರೆ. ಚಕ್ರಗಳಿಗೆ ಡೀಸೆಲೇ ಇರಲಿ, ಡ್ರಮ್ಮಿಗೆ ವಿದ್ಯುತ್ತು ಸಾಕು. ಇಷ್ಟು ಸರಳವಾದ ಏರ್ಪಾಡು ನಮ್ಮ ಊರಿನ ರಸ್ತೆಗಳಿಗೆಂದೇ ಹುಟ್ಟಿದಂತಿದೆ.

ಹೊಗೆಯ ವಿಷಯವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಕಟ್ಟಡದ ಕೆಲಸದಿಂದ ಏಳುವ ಧೂಳಿಗೆ ಮಿಶ್ರಶಕ್ತಿಯಿಂದ ಪರಿಹಾರವಿಲ್ಲ; ಅದಕ್ಕೆ ನೀರನ್ನು ಚಿಮುಕಿಸಬೇಕು, ಪರದೆಯನ್ನು ಕಟ್ಟಬೇಕು. ಆದರೆ ಡೀಸೆಲಿನ ಹೊಗೆ ಬರಿಯ ಧೂಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೮೮ರಲ್ಲಿ ಅದನ್ನು ಕ್ಯಾನ್ಸರನ್ನು ಉಂಟುಮಾಡಬಹುದಾದ ವಸ್ತುಗಳ ಪಟ್ಟಿಯಲ್ಲಿಟ್ಟಿತ್ತು. ೨೦೧೨ರಲ್ಲಿ ಆ ‘ಬಹುದು’ ಎಂಬುದನ್ನು ತೆಗೆದುಹಾಕಿ, ಶ್ವಾಸಕೋಶದ ಕ್ಯಾನ್ಸರಿಗೆ ನಿಶ್ಚಿತವಾದ ಕಾರಣವೆಂದು ತೀರ್ಮಾನಿಸಿತು. ಈ ಹೊಗೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಕುಡಿಯುವವರು ಯಾರು? ನೆರೆಯವರು ಕಿಟಕಿಯನ್ನು ಮುಚ್ಚಿಕೊಳ್ಳಬಹುದು. ಜನರೇಟರಿನ ಬೆನ್ನಿಗೇ ತಗಡಿನ ಶೆಡ್ಡು ಹಾಕಿಕೊಂಡು, ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಿಹಾರ ಬಂಗಾಳಗಳಿಂದಲೋ ಬಂದು, ಮಕ್ಕಳೊಡನೆ ಅಲ್ಲಿಯೇ ಮಲಗುವ ಕೆಲಸಗಾರರಿಗೆ ಮುಚ್ಚಿಕೊಳ್ಳಲು ಕಿಟಕಿಯೇ ಇಲ್ಲ. ಹಲಸೂರಿನಲ್ಲಿ ಅಂಥ ಶೆಡ್ಡೊಂದರ ಮುಂದೆ ರಾತ್ರಿ ಹತ್ತು ಗಂಟೆಗೆ ನಿಂತು ಮಾತನಾಡಲು ಪ್ರಯತ್ನಿಸಿದಾಗ ನಮಗೆ ಕೂಗದೆ ಗತಿಯಿರಲಿಲ್ಲ. ಎರಡು ವರ್ಷದ ಮಗುವೊಂದು ಆ ಸದ್ದಿನಲ್ಲಿಯೇ ನಿದ್ರೆ ಹೋಗಿತ್ತು. ಜನರೇಟರು ನಿಂತರೆ ಅದು ಎದ್ದು ಅಳುತ್ತದೆಂದು ತಾಯಿ ನಗುತ್ತ ಹೇಳಿದಳು. ನಮಗೆ ನಗು ಬರಲಿಲ್ಲ.

ಸದ್ದಿಗೆ ಕಾನೂನಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ೪೫ ಡೆಸಿಬೆಲ್ ಮೀರಬಾರದು. ಆಸ್ಪತ್ರೆಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ ರಾತ್ರಿಯ ಮಿತಿ ೪೦. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಿರುವುದನ್ನು ನೆನೆದರೆ ಈ ಅಂಕಿಯ ಮಹತ್ವ ತಿಳಿದೀತು. ಸದ್ದನ್ನು ಅಡಗಿಸುವ ಪೆಟ್ಟಿಗೆಯೊಳಗಿನ ಜನರೇಟರಿಗೇ ಒಂದು ಮೀಟರು ದೂರದಲ್ಲಿ ೭೫ ಡೆಸಿಬೆಲಿನವರೆಗೆ ಅನುಮತಿಯಿದೆ. ಐದಾರು ಮೀಟರು ಆಚೆಯ ಕಿಟಕಿಗೆ ಅದು ೬೦ರ ಸುಮಾರಿನಲ್ಲಿ ತಲುಪುತ್ತದೆ. ಜನರೇಟರಿನ ಕಾನೂನನ್ನು ಪಾಲಿಸಿದವನು ರಾತ್ರಿಯ ಕಾನೂನನ್ನು ಮುರಿಯದೆ ಇರಲಾರ! ಎಂಜಿನು ನಿಂತು ಬ್ಯಾಟರಿ ನಡೆಯುವ ಏರ್ಪಾಡಿನಲ್ಲಿ ಮಾತ್ರ ಎರಡು ಕಾನೂನುಗಳನ್ನೂ ಒಟ್ಟಿಗೆ ಪಾಲಿಸಬಹುದು.

ಇಷ್ಟೆಲ್ಲ ಪ್ರಯೋಜನವಿದ್ದರೂ ಇವು ನಮ್ಮಲ್ಲಿ ಏಕೆ ಕಾಣಿಸುತ್ತಿಲ್ಲ? ಬೆಲೆ ಹೆಚ್ಚೆಂಬುದು ಒಂದು ಉತ್ತರ. ಅದು ಅರ್ಧ ಉತ್ತರ. ಉಳಿದ ಅರ್ಧ ಬಾಡಿಗೆಯ ಪದ್ಧತಿಯಲ್ಲಿದೆ. ನಮ್ಮ ಕಟ್ಟಡಗಳ ಯಂತ್ರಗಳಲ್ಲಿ ಬಹುಪಾಲು ಕಟ್ಟುವವನ ಸ್ವಂತದ್ದಲ್ಲ. ತಿಂಗಳ ಬಾಡಿಗೆಗೆ ತಂದ ಜನರೇಟರಿಗೂ ಕ್ರೇನಿಗೂ ಸಾಮಾನ್ಯವಾಗಿ ಡೀಸೆಲ್ ಹಾಕಿಸುವವನು ಬಾಡಿಗೆಗೆ ತಂದವನು; ಯಂತ್ರವನ್ನು ಕೊಂಡವನು ಮಾಲೀಕ. ಹೆಚ್ಚಿನ ಬೆಲೆ ತೆತ್ತು ಮಿಶ್ರಶಕ್ತಿಯ ಯಂತ್ರವನ್ನು ಕೊಳ್ಳಬೇಕಾದವನು ಮಾಲೀಕ, ಎಣ್ಣೆಯ ಉಳಿತಾಯ ಸೇರುವುದು ಇನ್ನೊಬ್ಬನ ಜೇಬಿಗೆ. ಹೀಗಿರುವಾಗ ಮಾಲೀಕನನ್ನು ದೂರಿ ಫಲವೇನು? ಅವನೇನು ಧರ್ಮಛತ್ರ ನಡೆಸುತ್ತಿಲ್ಲ. ಗಂಟೆಯ ಲೆಕ್ಕದಲ್ಲಿ ಡೀಸೆಲನ್ನೂ ಸೇರಿಸಿ ಬಾಡಿಗೆಗೆ ಬಿಡುವ ಜೆಸಿಬಿಯ ಮಾಲೀಕರಲ್ಲಿ ಈ ತೊಡಕಿಲ್ಲ. ಆದರೆ ಅವರಲ್ಲಿ ಅನೇಕರು ಸಾಲ ಮಾಡಿ ಒಂದೇ ಯಂತ್ರವನ್ನು ಕೊಂಡ ಸಣ್ಣ ಮನುಷ್ಯರು, ಹೊಸತನ್ನು ಪರೀಕ್ಷಿಸುವ ಧೈರ್ಯ ಅವರಿಂದ ನಿರೀಕ್ಷಿಸತಕ್ಕುದಲ್ಲ.

ಆದುದರಿಂದ ಮೊದಲ ಹೆಜ್ಜೆಯನ್ನು ಇಡಬೇಕಾದವರು ಸಾರ್ವಜನಿಕ ಹಣದಿಂದ ಕಟ್ಟಿಸುವವರು. ಮೆಟ್ರೋ, ನಗರಪಾಲಿಕೆ, ಲೋಕೋಪಯೋಗಿ ಇಲಾಖೆ, ರೈಲ್ವೆ ಇವುಗಳ ಟೆಂಡರಿನಲ್ಲಿ ಸಿಮೆಂಟಿನ ದರ್ಜೆ, ಕಬ್ಬಿಣದ ದಪ್ಪ, ಕೆಲಸಗಾರರ ತಲೆಯ ಟೊಪ್ಪಿಗೆಯ ಬಣ್ಣ ಮೊದಲಾದವುಗಳೆಲ್ಲ ಬರೆದಿರುತ್ತವೆ. ಮನೆಗಳ ನಡುವಣ ಸ್ಥಳದಲ್ಲಿ ರಾತ್ರಿ ಹತ್ತರ ಮೇಲೆ ದೀಪಕ್ಕೂ ಪಂಪಿಗೂ ಎಂಜಿನನ್ನು ನಡೆಸಕೂಡದು ಎಂಬ ಒಂದು ವಾಕ್ಯವನ್ನು ಅದಕ್ಕೆ ಸೇರಿಸಿದರೆ ಸಾಕು. ಯಾವ ಕಂಪೆನಿಯ ಯಂತ್ರ, ಯಾವ ಬಗೆಯ ಬ್ಯಾಟರಿ ಎಂಬುದನ್ನು ಗುತ್ತಿಗೆದಾರನ ಜಾಣ್ಮೆಗೆ ಬಿಡಬಹುದು. ವಾಕ್ಯವಿದ್ದಲ್ಲಿ ಬಾಡಿಗೆಯ ಮಾಲೀಕನಿಗೂ ಗಿರಾಕಿ ಹುಟ್ಟುತ್ತಾನೆ. ನಮ್ಮದೇ ಊರಿನ ತಿಪ್ಪಸಂದ್ರದಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ಬಿಇಎಂಎಲ್ ಕಾರ್ಖಾನೆಯಿದೆ. ಅದರ ಕೆಜಿಎಫ್ ಶಾಖೆಯಲ್ಲಿ ಮಣ್ಣೆತ್ತುವ ಯಂತ್ರಗಳೂ ಬೆ೦ಗಳೂರಿನಲ್ಲಿ ಮೆಟ್ರೋ ಬೋಗಿಗಳೂ ತಯಾರಾಗುತ್ತವೆ. ಗಣಿಗಳಿಗಾಗಿ ಡೀಸೆಲ್‌-ವಿದ್ಯುತ್ ಚಾಲನೆಯ ದೈತ್ಯ ಲಾರಿಗಳನ್ನು ಕಟ್ಟಿದ ಅನುಭವವೂ ಅದಕ್ಕಿದೆ. ಬೇಡಿಕೆ ಇದೆಯೆಂದು ತೋರಿದರೆ, ನಗರದ ಓಣಿಗೆ ತಕ್ಕ ಸಣ್ಣ ಯಂತ್ರಗಳು ಇಲ್ಲಿಯೇ ಹುಟ್ಟಲು ಅಡ್ಡಿಯೇನೂ ಇರಲಾರದು.

ಕೊನೆಯದಾಗಿ ರಿಪೇರಿಯ ಮಾತು. ಕೆಟ್ಟುಹೋದ ಡೀಸೆಲ್ ಎಂಜಿನನ್ನು ರಸ್ತೆಯ ಬದಿಯಲ್ಲಿಯೇ ಬಿಚ್ಚಿ ಸಂಜೆಯೊಳಗೆ ನಡೆಸಿಕೊಡುವ ಮೆಕ್ಯಾನಿಕ್ಕುಗಳು ಶಿವಾಜಿನಗರದ ಗುಜರಿಯ ಬೀದಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇನ್ವರ್ಟರು ಕೆಟ್ಟರೆ ಅವರು ಕೈಚೆಲ್ಲುತ್ತಾರೆ. ಕಂಪೆನಿಯ ಮನುಷ್ಯ ಬರುವವರೆಗೆ ಕೆಲಸ ನಿಲ್ಲುತ್ತದೆ. ಗುತ್ತಿಗೆದಾರರು ಹೈಬ್ರಿಡ್ ಎಂದರೆ ಅಂಜುವುದಕ್ಕೆ ಬೆಲೆಗಿಂತ ಇದೇ ದೊಡ್ಡ ಕಾರಣವೆಂದು ನಾವು ವಿಚಾರಿಸಿದ ಇಬ್ಬರು ಮೂವರು ಹೇಳಿದರು. ಇದೇ ಮೆಕ್ಯಾನಿಕ್ಕುಗಳ ಮಕ್ಕಳು ಈಗ ವಿದ್ಯುತ್ ಸ್ಕೂಟರು, ಆಟೋಗಳ ಬ್ಯಾಟರಿಗಳನ್ನು ಬಿಚ್ಚಿ ನೋಡಲು ಕಲಿಯುತ್ತಿದ್ದಾರೆ. ಐ.ಟಿ.ಐ.ಗಳಲ್ಲಿ ಇವರಿಗಾಗಿ ಮೂರು ತಿಂಗಳ ಸಂಜೆಯ ತರಗತಿಯನ್ನು ತೆರೆದರೆ, ಬಾಡಿಗೆಯ ಮಾಲೀಕರು ತಮ್ಮ ಹುಡುಗರನ್ನು ಕಳುಹಿಸಲು ಸಿದ್ಧರೆಂದು ಅವರಲ್ಲಿ ಒಬ್ಬರು ತಿಳಿಸಿದರು. ಅರ್ಜಿಯನ್ನು ಯಾರಿಗೆ ಕೊಡಬೇಕೆಂದು ನಮ್ಮನ್ನೇ ಕೇಳಿದರು.